ಓದುಗರ ಪ್ರಶ್ನೆ, ನಮ್ಮ ಉತ್ತರ: ಡಚ್ ಕಾಲುವೆಗಳಲ್ಲಿ ಹಲವು ದಿನಗಳ ದೋಣಿ ಪ್ರವಾಸ

ನೆದರ್‌ಲ್ಯಾಂಡ್ಸ್ ದೇಶದಲ್ಲಿ ದೋಣಿಯನ್ನು ಬಾಡಿಗೆಗೆ ಪಡೆದು, ತಾವೇ ಚುಕ್ಕಾಣಿ ಹಿಡಿದು, ಅದರಲ್ಲೇ ಉಂಡು ಮಲಗಿ ಒಂದು ವಾರ ಕಾಲುವೆಗಳಲ್ಲಿ ಸುತ್ತಾಡಬಹುದೆಂದು ಹಿಂದಿನ ಸಂಚಿಕೆಯ ಅಂಕಣದಲ್ಲಿ ಬರೆದ ನಾಲ್ಕು ಸಾಲಿಗೆ ಕೊಡಗಿನ ಓದುಗರಿಂದ ನಿರೀಕ್ಷೆಗೆ ಮೀರಿ ಪತ್ರಗಳು ಬಂದಿವೆ. ಬರೆದವರಲ್ಲಿ ಹಲವರ ಮಕ್ಕಳು ಐಂಡ್‌ಹೋವನ್, ಆಮ್‌ಸ್ಟರ್‌ಡ್ಯಾಮ್ ಕಡೆ ಕೆಲಸದಲ್ಲಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಡಲಾಗಿದೆ.

ಪ್ರಶ್ನೆ: ಮಗಳು, ಅಳಿಯ ಐಂಡ್‌ಹೋವನ್‌ನಲ್ಲಿದ್ದಾರೆ. ಮುಂದಿನ ವರ್ಷ ನಾವಿಬ್ಬರೂ ಹೋದಾಗ ಮೊಮ್ಮಕ್ಕಳೊಂದಿಗೆ ದೋಣಿ ಪ್ರವಾಸ ಮಾಡೋಣ ಎನ್ನುತ್ತಾರೆ. ನಾನು ನಲವತ್ತು ವರ್ಷದಿಂದ ತೋಟದ ದಾರಿಯಲ್ಲಿ ಜೀಪು ಓಡಿಸಿದವನು, ಆದರೆ ದೋಣಿ ನಡೆಸಿದವರು ನಮ್ಮಲ್ಲಿ ಯಾರೂ ಇಲ್ಲ. ಪರವಾನಗಿ ಬೇಡವೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಬೇಡ. ಡಚ್ ಕಾನೂನಿನ ಪ್ರಕಾರ ವಿಹಾರದ ದೋಣಿಯ ಉದ್ದ 15 ಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಅದು ಗಂಟೆಗೆ 20 ಕಿಲೋಮೀಟರ್‌ಗಿಂತ ವೇಗವಾಗಿ ಓಡಬಲ್ಲದಾದರೆ ಮಾತ್ರ ನಡೆಸುವವರ ಬಳಿ ಪರವಾನಗಿ ಇರಬೇಕು. ಕುಟುಂಬಗಳಿಗೆ ಬಾಡಿಗೆಗೆ ಸಿಗುವ ಉಕ್ಕಿನ ದೋಣಿಗಳು ಸಾಮಾನ್ಯವಾಗಿ ಈ ಎರಡೂ ಮಿತಿಯೊಳಗೇ ಇರುತ್ತವೆ. ಎರಡೋ ಮೂರೋ ಮಲಗುವ ಕೋಣೆ, ಸಣ್ಣ ಅಡುಗೆಮನೆ, ಸ್ನಾನಗೃಹ, ಕೆಳಗೊಂದು ಡೀಸೆಲ್ ಎಂಜಿನ್ ಇರುವ ಇವು ಗಂಟೆಗೆ ಎಂಟು ಹತ್ತು ಕಿಲೋಮೀಟರ್‌ಗಿಂತ ಹೆಚ್ಚು ವೇಗದಲ್ಲಿ ಸಾಗುವುದೇ ಅಪರೂಪ. ಕಾಲುವೆಗಳ ವೇಗಮಿತಿಯೂ ಹಾಗೆಯೇ ಇದೆ. ಆಮ್‌ಸ್ಟರ್‌ಡ್ಯಾಮ್ ನಗರದ ಕಾಲುವೆಗಳಲ್ಲಂತೂ ಅದು ಗಂಟೆಗೆ 6 ಕಿಲೋಮೀಟರ್ ಮಾತ್ರ. ಒಳನಾಡು ಜಲಸಂಚಾರದ ನಿಯಮಗಳ ಒಂದು ಪ್ರತಿ ದೋಣಿಯಲ್ಲಿ ಇರಲೇಬೇಕು, ಬಾಡಿಗೆಗೆ ಕೊಡುವವರು ಅದನ್ನು ಇಟ್ಟಿರುತ್ತಾರೆ. ನಡೆಸುವವರ ರಕ್ತದಲ್ಲಿ ಮದ್ಯದ ಪ್ರಮಾಣ ಸಾವಿರಕ್ಕೆ 0.5ನ್ನು ಮೀರುವಂತಿಲ್ಲ. ಆದ್ದರಿಂದ ನಮ್ಮ ಕಡೆಯವರು ಗ್ಲಾಸು ಹಿಡಿಯುವುದೇನಿದ್ದರೂ ಸಂಜೆ ದೋಣಿ ಕಟ್ಟಿದ ಮೇಲೆ.

ಆದರೆ ಕಾನೂನು ಬೇಡವೆಂದಿತೆಂಬ ಮಾತ್ರಕ್ಕೆ ಕೆಲಸ ಸುಲಭವೆಂದು ತಿಳಿಯಬಾರದು. ಜೀಪಿನ ಅಭ್ಯಾಸ ಇಲ್ಲಿ ಸ್ವಲ್ಪ ಅಡ್ಡಿಯನ್ನೇ ಮಾಡುತ್ತದೆ. ಜೀಪಿನ ಮುಂದಿನ ಚಕ್ರ ತಿರುಗಿದರೆ ಹಿಂಬದಿ ಅದನ್ನು ಹಿಂಬಾಲಿಸುತ್ತದೆ. ದೋಣಿಯ ಚುಕ್ಕಾಣಿ ಇರುವುದು ಹಿಂದೆ, ಆದ್ದರಿಂದ ತುಂಬಿದ ಕೈಗಾಡಿಯನ್ನು ಹಿಂದಿನಿಂದ ನೂಕುತ್ತಾ ತಿರುಗಿಸುವಂತೆ, ಮೂತಿ ಎಡಕ್ಕೆ ಹೊರಳಬೇಕಾದರೆ ಹಿಂಬದಿ ಮೊದಲು ಬಲಕ್ಕೆ ಜಾರುತ್ತದೆ. ದಡದ ಬಳಿ ನಿಂತ ದೋಣಿಯನ್ನು ಹೊರಡಿಸುವಾಗ ಇದನ್ನು ಮರೆತವರ ಹಿಂಬದಿಯೇ ಕಲ್ಲಿನ ಗೋಡೆಗೆ ಬಡಿಯುತ್ತದೆ. ಬ್ರೇಕ್ ಎಂಬುದಿಲ್ಲ, ನಿಲ್ಲಿಸಬೇಕಾದರೆ ಎಂಜಿನ್ನನ್ನು ಹಿಮ್ಮುಖ ಗೇರಿಗೆ ಹಾಕಬೇಕು, ಆಗಲೂ ಅಷ್ಟು ಟನ್ ತೂಕದ ಉಕ್ಕು ಕೂಡಲೇ ನಿಲ್ಲುವುದಿಲ್ಲ. ಚುಕ್ಕಾಣಿಯ ಮಾತನ್ನು ದೋಣಿ ಕೇಳುವುದು ನೀರು ಅದರ ಮೇಲೆ ಹಾಯುತ್ತಿರುವವರೆಗೆ ಮಾತ್ರ, ವೇಗ ತೀರಾ ಇಳಿದ ಮೇಲೆ ಗಾಳಿ ನೂಕಿದ ಕಡೆಗೆ ಅದು ಸಾಗುತ್ತದೆ. ಹೊಸಬರು ಮುಂಭಾಗವನ್ನು ಅಡ್ಡಕ್ಕೆ ಸರಿಸುವ ಸಣ್ಣ ಮೋಟಾರು ಅಳವಡಿಸಿದ ದೋಣಿಯನ್ನೇ ಕೇಳಿ ಪಡೆಯುವುದು ಜಾಣತನ. ಬಾಡಿಗೆಗೆ ಕೊಡುವವರು ಹೊರಡುವ ಮುನ್ನ ದೋಣಿಯನ್ನು ನಡೆಸಿ ತೋರಿಸುತ್ತಾರೆ. ಆ ಪಾಠದ ಹೊತ್ತಿನಲ್ಲಿ ಮನೆಮಂದಿಯೆಲ್ಲ ಸಾಮಾನು ಜೋಡಿಸುತ್ತಾ ಒಳಗೆ ಇದ್ದುಬಿಡುತ್ತಾರೆ, ಕಲಿಯುವವರು ಒಬ್ಬರೇ ಆಗುತ್ತಾರೆ. ದಯವಿಟ್ಟು ನಿಮ್ಮ ಶ್ರೀಮತಿಯವರೂ ಮಗಳೂ ಚುಕ್ಕಾಣಿಯನ್ನು ಒಮ್ಮೆಯಾದರೂ ಹಿಡಿದು ನೋಡಲಿ. ದಡ ಮುಟ್ಟುವಾಗ ಹಗ್ಗ ಎಸೆಯಬೇಕಾದವರಿಗೆ ದೋಣಿ ಹೇಗೆ ನಡೆದುಕೊಳ್ಳುತ್ತದೆಂದು ತಿಳಿದಿರಬೇಕು.

ಪ್ರಶ್ನೆ: ನಮಗೆ ಎಂಟು ದಿನವಿದೆ. ಆಮ್‌ಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್, ಕಿಂಡರ್‌ಡೈಕ್‌ನ ಗಾಳಿಯಂತ್ರಗಳು, ಗಿಟ್‌ಹೋರ್ನ್ ಹಳ್ಳಿ, ಉತ್ತರದ ಸರೋವರಗಳು, ಇಷ್ಟನ್ನೂ ದೋಣಿಯಲ್ಲೇ ನೋಡುವ ದಾರಿಯನ್ನು ತಿಳಿಸಿಕೊಡಿ.
– ಓದುಗರೊಬ್ಬರು, ಕುಶಾಲನಗರ

ಉತ್ತರ: ಇಷ್ಟನ್ನೂ ನೋಡಲು ರೈಲು ಹತ್ತಿ. ದೇಶ ಚಿಕ್ಕದು, ರೈಲುಗಳು ಚೆನ್ನಾಗಿವೆ. ದೋಣಿಯಲ್ಲಿ ಹೋಗುವವರು ದಿನಕ್ಕೆ ನಾಲ್ಕೈದು ಗಂಟೆಯ ಪ್ರಯಾಣವನ್ನಷ್ಟೇ ಇಟ್ಟುಕೊಳ್ಳಬೇಕೆಂಬುದು ಈ ಅಂಕಣಕಾರನ ಖಚಿತ ಅಭಿಪ್ರಾಯ. ಸೇತುವೆ ತೆರೆಯಲು ಕಾಯುವುದು, ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಲಾಕ್‌ಗಳಲ್ಲಿ ಸರದಿ ನಿಲ್ಲುವುದು, ಗಾಳಿ ಬಿರುಸಾದರೆ ದಡದಲ್ಲೇ ಉಳಿಯುವುದು, ಇವೆಲ್ಲ ಕಳೆದರೆ ಒಂದು ದಿನದಲ್ಲಿ ಕ್ರಮಿಸುವ ದೂರ ಇಪ್ಪತ್ತು, ಮೂವತ್ತು ಕಿಲೋಮೀಟರ್ ಎಂದಿಟ್ಟುಕೊಳ್ಳಿ. ರಾಟರ್‌ಡ್ಯಾಮ್ ಯುರೋಪಿನ ಅತಿದೊಡ್ಡ ಬಂದರು. ಅದರ ಸುತ್ತಲಿನ ನದಿಗಳಲ್ಲಿ ನೂರು ಮೀಟರ್‌ಗೂ ಉದ್ದದ ಸರಕು ಹಡಗುಗಳು ಸಾಲಾಗಿ ಓಡಾಡುತ್ತವೆ. ಮೊದಲ ಸಲ ಚುಕ್ಕಾಣಿ ಹಿಡಿದವರಿಗೆ ಅದು ತಕ್ಕ ಜಾಗವಲ್ಲ.

ಮೊದಲ ಪ್ರವಾಸಕ್ಕೆ ಉತ್ತರದ ಫ್ರೀಸ್‌ಲ್ಯಾಂಡ್ ಪ್ರಾಂತ್ಯವನ್ನು ಆರಿಸಿಕೊಳ್ಳಿ. ಅಲ್ಲಿನ ಸ್ನೇಕ್ ಪಟ್ಟಣದ ಸುತ್ತಮುತ್ತ ಬಾಡಿಗೆ ದೋಣಿಗಳು ಬೇಕಾದಷ್ಟಿವೆ, ಲೇವಾರ್ಡನ್‌ನಲ್ಲಿ ರೈಲು ಬದಲಿಸಿ ಅಲ್ಲಿಗೆ ತಲುಪಬಹುದು. 1613ರಲ್ಲಿ ಕಟ್ಟಿದ, ಎರಡು ಗೋಪುರಗಳ ನಡುವೆ ಕಮಾನಿರುವ ಜಲದ್ವಾರವೇ ಊರಿನ ಗುರುತು. ಸ್ನೇಕ್‌ನಿಂದ ಹೊರಟು ಐಲ್ಸ್ಟ್ ಎಂಬ ಸಣ್ಣ ಪಟ್ಟಣಕ್ಕೆ ಬಂದರೆ, ಗಾಳಿಯ ಬಲದಿಂದ ಮರ ಕೊಯ್ಯುವ ಹಳೆಯ ಗಿರಣಿಯೊಂದು ನೀರಿನ ಪಕ್ಕದಲ್ಲೇ ಸಿಗುತ್ತದೆ. ಅಲ್ಲಿನ ಮನೆಗಳು ಬೀದಿಯ ಒಂದು ಕಡೆ, ಅವುಗಳ ಕೈತೋಟ ಬೀದಿ ದಾಟಿ ಕಾಲುವೆಯ ಅಂಚಿನಲ್ಲಿ. ಮುಂದೆ ಹೇಗ್, ವೌಡ್ಸೆಂಡ್ ಹಳ್ಳಿಗಳನ್ನು ಹಾದು ಸ್ಲೋಟರ್‌ಮೀರ್ ಸರೋವರವನ್ನು ದಾಟಿದರೆ ಸ್ಲೋಟನ್. ಸಾವಿರ ಜನರೂ ಇಲ್ಲದ ಈ ಊರಿಗೆ ನಗರವೆಂಬ ಸ್ಥಾನವಿದೆ, ಏಕೆಂದರೆ ಫ್ರೀಸ್‌ಲ್ಯಾಂಡಿನ ಹನ್ನೊಂದು ಐತಿಹಾಸಿಕ ನಗರಗಳಲ್ಲಿ ಇದೂ ಒಂದು. ಕಾಲುವೆಗಳು ಹೆಪ್ಪುಗಟ್ಟಿದ ಚಳಿಗಾಲದಲ್ಲಿ ಈ ಹನ್ನೊಂದೂ ನಗರಗಳನ್ನು ಮುಟ್ಟುತ್ತಾ ಸುಮಾರು 200 ಕಿಲೋಮೀಟರ್ ಮಂಜಿನ ಮೇಲೆ ಜಾರಿಕೊಂಡು ಹೋಗುವ ಸ್ಪರ್ಧೆ 1909ರಲ್ಲಿ ಆರಂಭವಾಯಿತು. ಆದರೆ ಮಂಜು ಸಾಕಷ್ಟು ದಪ್ಪಗಟ್ಟದ ಕಾರಣ 1997ರ ಜನವರಿ 4ರ ನಂತರ ಅದು ಮತ್ತೆ ನಡೆದಿಲ್ಲ. ಸ್ಲೋಟನ್‌ನಿಂದ ಲೆಮ್ಮರ್, ಅಲ್ಲಿಂದ ಟ್ಯೂಕೆಮೀರ್ ಸರೋವರದ ಮೇಲಾಗಿ ಲಾಂಗ್‌ವೀರ್, ಕೊನೆಗೆ ಸ್ನೇಕರ್‌ಮೀರ್ ದಾಟಿ ಮರಳಿ ಸ್ನೇಕ್. ಇಡೀ ಸುತ್ತಿನ ದೂರ ಮಡಿಕೇರಿಯಿಂದ ಮೈಸೂರಿಗಿರುವ ದೂರಕ್ಕಿಂತ ಕಡಿಮೆ. ವಾರವಿಡೀ ಸಾಕಾಗುತ್ತದೆ, ಎಲ್ಲಿಯಾದರೂ ಒಂದು ದಿನ ಹೆಚ್ಚಿಗೆ ನಿಲ್ಲಬೇಕೆನಿಸಿದರೆ ಅದಕ್ಕೂ ಅವಕಾಶವಿರುತ್ತದೆ.

ಪಶ್ಚಿಮಕ್ಕಿರುವ ಐಸೆಲ್‌ಮೀರ್ ನಕ್ಷೆಯಲ್ಲಿ ಸರೋವರದಂತೆ ಕಂಡರೂ 1932ರಲ್ಲಿ 32 ಕಿಲೋಮೀಟರ್ ಉದ್ದದ ಅಣೆ ಕಟ್ಟಿ ಮುಚ್ಚುವವರೆಗೂ ಅದು ಸಮುದ್ರದ ಕೊಲ್ಲಿಯಾಗಿತ್ತು. ನೀರು ಆಳವಿಲ್ಲದ ಕಾರಣ ಗಾಳಿಗೆ ಅಲ್ಲಿ ಕಿರಿದಾದ, ಕಡಿದಾದ ಅಲೆಗಳು ಬೇಗ ಏಳುತ್ತವೆ. ಹೊಸಬರು ಅತ್ತ ಹೋಗದಿರುವುದೇ ಒಳ್ಳೆಯದು.

ಪ್ರಶ್ನೆ: ಸೇತುವೆ, ಲಾಕ್ ಎಂದು ಮತ್ತೆ ಮತ್ತೆ ಬರೆಯುತ್ತೀರಿ. ಅವುಗಳನ್ನು ದಾಟುವ ಕ್ರಮವೇನು?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಎತ್ತರ ಬೇರೆಬೇರೆಯಾದ ಎರಡು ನೀರಿನ ನಡುವೆ, ಎರಡು ತುದಿಗೂ ಬಾಗಿಲಿಟ್ಟು ಕಟ್ಟಿದ ಉದ್ದನೆಯ ತೊಟ್ಟಿಯೇ ಲಾಕ್. ಒಂದು ಬಾಗಿಲಿನಿಂದ ಒಳಹೊಕ್ಕು ಗೋಡೆಗೆ ಒರಗಿ ನಿಂತರೆ, ಹಿಂದಿನ ಬಾಗಿಲು ಮುಚ್ಚಿ, ತೂಬಿನ ಮೂಲಕ ನೀರನ್ನು ಒಳಬಿಟ್ಟು ಅಥವಾ ಹೊರಬಿಟ್ಟು ಮುಂದಿನ ನೀರಿನ ಮಟ್ಟಕ್ಕೆ ತರುತ್ತಾರೆ. ಆಮೇಲೆ ಮುಂದಿನ ಬಾಗಿಲು ತೆರೆಯುತ್ತದೆ. ಕೆಂಪು ದೀಪವಿದ್ದರೆ ಕಾಯಬೇಕು, ಕೆಂಪಿನೊಂದಿಗೆ ಹಸಿರೂ ಉರಿದರೆ ಇನ್ನೇನು ತೆರೆಯಲಿದೆ ಎಂದರ್ಥ, ಬರೀ ಹಸಿರಾದಾಗ ಮಾತ್ರ ಹೊರಡಬೇಕು, ಒಂದರ ಮೇಲೊಂದು ಎರಡು ಕೆಂಪು ದೀಪಗಳಿದ್ದರೆ ಆ ಹೊತ್ತಿಗೆ ಅಲ್ಲಿ ಕೆಲಸವೇ ನಡೆಯುತ್ತಿಲ್ಲ. ತೆರೆಯುವ ಸೇತುವೆಗಳಿಗೂ ಇದೇ ದೀಪಗಳು.

ಲಾಕ್‌ನೊಳಗೆ ನೆನಪಿಡಬೇಕಾದ ಮುಖ್ಯ ಸಂಗತಿ ಹಗ್ಗದ್ದು. ಹಗ್ಗವನ್ನು ದಡದ ಗೂಟಕ್ಕೆ ಗಂಟು ಹಾಕಬಾರದು. ಗೂಟವನ್ನು ಒಂದು ಸುತ್ತು ಬಳಸಿ ತುದಿಯನ್ನು ಕೈಯಲ್ಲೇ ಹಿಡಿದು, ನೀರು ಇಳಿದಂತೆ ಬಿಡುತ್ತಾ, ಏರಿದಂತೆ ಎಳೆದುಕೊಳ್ಳುತ್ತಾ ಇರಬೇಕು. ನಾನೊಮ್ಮೆ ನೋಡುತ್ತಿದ್ದಂತೆ ಪಕ್ಕದ ದೋಣಿಯ ಕುಟುಂಬವೊಂದು ಹಗ್ಗವನ್ನು ಬಿಗಿದು ಕಟ್ಟಿ ಚಹಾ ಕುಡಿಯಲು ಒಳಗೆ ಹೋಯಿತು. ನೀರು ಎರಡು ಗೇಣು ಇಳಿಯುವಷ್ಟರಲ್ಲಿ ದೋಣಿ ಒಂದು ಬದಿಗೆ ವಾಲಿತು, ಹಗ್ಗ ಕಿರಗುಟ್ಟತೊಡಗಿತು, ಒಳಗಿನ ಪಾತ್ರೆಗಳು ಒಂದರ ಹಿಂದೊಂದು ಉರುಳುವ ಸದ್ದು ಕೇಳಿತು. ಲಾಕ್ ನೋಡಿಕೊಳ್ಳುವವರು ಕೂಗಿ ತೂಬು ಮುಚ್ಚಿಸಿದ್ದರಿಂದ ಅಷ್ಟಕ್ಕೇ ಮುಗಿಯಿತು.

ಸೇತುವೆಗಳ ವೇಳೆಯನ್ನು ಮುಂಚಿನ ರಾತ್ರಿಯೇ ನೋಡಿಟ್ಟುಕೊಳ್ಳಿ. ಸಣ್ಣ ಊರುಗಳಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ, ಪಟ್ಟಣಗಳಲ್ಲಿ ಜನ ಕೆಲಸಕ್ಕೆ ಹೋಗಿಬರುವ ಹೊತ್ತಿಗೆ ಸೇತುವೆ ತೆರೆಯದಿರುವುದುಂಟು. ರೈಲ್ವೆ ಸೇತುವೆ ತೆರೆಯುವುದು ಎರಡು ರೈಲುಗಳ ನಡುವೆ ಬಿಡುವು ಸಿಕ್ಕಾಗ. ತೆರೆಯದ ಸೇತುವೆಗಳ ಕೆಳಗೆ ಹೋಗಬೇಕಾದಲ್ಲಿ ನಿಮ್ಮ ದೋಣಿಯ ಎತ್ತರ ನಿಮಗೆ ಗೊತ್ತಿರಬೇಕು. ಜಲನಕ್ಷೆಯಲ್ಲಿ ಸೇತುವೆಯ ಎತ್ತರವನ್ನು ಡೆಸಿಮೀಟರ್‌ನಲ್ಲಿ ಬರೆದಿರುತ್ತಾರೆ, ಅಂದರೆ 25 ಎಂದಿದ್ದರೆ ಎರಡೂವರೆ ಮೀಟರ್. ಫ್ರೀಸ್‌ಲ್ಯಾಂಡಿನ ಕೆಲವು ಊರುಗಳಲ್ಲಿ ಸೇತುವೆ ಎತ್ತುವವರು ಸುಂಕಕ್ಕಾಗಿ ಈಗಲೂ ಗಾಳದ ಕೋಲಿನ ದಾರಕ್ಕೆ ಮರದ ಪಾದರಕ್ಷೆಯನ್ನು ಕಟ್ಟಿ ದೋಣಿಯತ್ತ ತೂಗಿಬಿಡುತ್ತಾರೆ. ಚಲಿಸುವ ದೋಣಿಯಿಂದಲೇ ಅದರೊಳಗೆ ನಾಣ್ಯ ಹಾಕಬೇಕು. ಮೊಮ್ಮಕ್ಕಳಿಗೆ ಈ ಕೆಲಸ ವಹಿಸಿ, ಚಿಲ್ಲರೆ ಯೂರೋ ನಾಣ್ಯಗಳನ್ನು ಕೈಗೆಟಕುವಂತೆ ಇಟ್ಟುಕೊಳ್ಳಿ.

ಪ್ರಶ್ನೆ: ಆ ದೇಶದಲ್ಲಿ ಕಾಲುವೆಯ ನೀರು ಮೇಲೆ, ಹೊಲಮನೆ ಕೆಳಗೆ ಎಂದು ಕೇಳಿದ್ದೇನೆ. ಪ್ರತಿ ಮಳೆಗಾಲದಲ್ಲಿ ಸಂಗಮದ ನೀರು ರಸ್ತೆಗೇರುವುದನ್ನು ನೋಡುವ ನಮಗೆ ಇದನ್ನು ನಂಬುವುದು ಕಷ್ಟ. ಇದು ನಿಜವೇ?
– ಓದುಗರೊಬ್ಬರು, ಭಾಗಮಂಡಲ

ಉತ್ತರ: ನಿಜ, ಅದನ್ನು ಸರಿಯಾಗಿ ಕಾಣಲು ದೋಣಿಗಿಂತ ಒಳ್ಳೆಯ ಸ್ಥಳವಿಲ್ಲ. ಆಮ್‌ಸ್ಟರ್‌ಡ್ಯಾಮಿನ ನೈರುತ್ಯಕ್ಕೆ ಹಾರ್ಲೆಮ್ಮರ್‌ಮೀರ್ ಎಂಬ ವಿಸ್ತಾರವಾದ ಸರೋವರವಿತ್ತು. ಅದರ ಸುತ್ತ ಏರಿಯನ್ನೂ ಕಾಲುವೆಯನ್ನೂ ನಿರ್ಮಿಸಿ, 1849ರಿಂದ 1852ರವರೆಗೆ ಮೂರು ಉಗಿಯಂತ್ರ ಸ್ಥಾವರಗಳಿಂದ ನೀರೆತ್ತಿ ಸರೋವರವನ್ನು ಬರಿದು ಮಾಡಿದರು. ನೀವು ಇಳಿಯುವ ಸ್ಕಿಪೋಲ್ ವಿಮಾನ ನಿಲ್ದಾಣ ಇರುವುದು ಆ ಸರೋವರದ ತಳದಲ್ಲಿ, ಸಮುದ್ರಮಟ್ಟಕ್ಕಿಂತ ಕೆಳಗೆ. ಸುತ್ತುಗಾಲುವೆ ಈಗಲೂ ಇದೆ. ಅದರಲ್ಲಿ ದೋಣಿ ನಡೆಸುವಾಗ ಏರಿಯ ಒಂದು ಬದಿಗೆ ಕಣ್ಣು ಹಾಯಿಸಿದರೆ ಕೆಳಗೆ ಮನೆಗಳ ಮಾಡು, ಇನ್ನೂ ಕೆಳಗೆ ಆಲೂಗಡ್ಡೆಯ ಹೊಲ, ರಸ್ತೆಯ ಮೇಲೆ ಸೈಕಲ್ಲುಗಳು ಕಾಣುತ್ತವೆ.

ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದ ಮಡಿಕೇರಿಯಲ್ಲಿ ಬಿದ್ದ ನೀರಿಗೆ ಯಾರೂ ದಾರಿ ತೋರಿಸಬೇಕಾಗಿಲ್ಲ. ಭಾಗಮಂಡಲದಲ್ಲಿ ಉಕ್ಕಿದ ಕಾವೇರಿ ಕನ್ನಿಕೆಯರ ನೀರು ಮಳೆ ಬಿಟ್ಟರೆ ತಾನೇ ಇಳಿದುಹೋಗುತ್ತದೆ. ಡಚ್ಚರ ನಾಡಿನ ಕಾಲು ಭಾಗದಷ್ಟು ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ, ಯುರೋಪಿನಲ್ಲಿರುವ ಆ ನಾಡಿನ ಅತಿ ಎತ್ತರದ ಗುಡ್ಡವೂ 322 ಮೀಟರ್ ಅಷ್ಟೇ. ಅಲ್ಲಿ ಬಿದ್ದ ಮಳೆನೀರನ್ನು ಹೊಲದ ಚರಂಡಿಯಿಂದ ಎತ್ತಿ ಮೇಲಿನ ಕಾಲುವೆಗೆ, ಕಾಲುವೆಯಿಂದ ಸಮುದ್ರಕ್ಕೆ ಸಾಗಿಸದಿದ್ದರೆ ಅದು ಹೋಗುವ ದಾರಿಯೇ ಇಲ್ಲ. ಫ್ರೀಸ್‌ಲ್ಯಾಂಡಿನ ಸರೋವರ ಕಾಲುವೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡ ಇಂಥ ಒಂದೇ ದೊಡ್ಡ ಸಂಗ್ರಹ. ಅದರ ಮಟ್ಟವನ್ನು ಆಮ್‌ಸ್ಟರ್‌ಡ್ಯಾಮಿನ ಅಳತೆಯ ಸಮುದ್ರಮಟ್ಟಕ್ಕಿಂತ ಸುಮಾರು ಅರ್ಧ ಮೀಟರ್ ಕೆಳಗೆ, ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮನೆ ಕಾಯ್ದುಕೊಳ್ಳುತ್ತಾರೆ. ಪ್ರವಾಸಿಗರು ವಿಹಾರಕ್ಕೆಂದು ತೋಡಿದ ಕಾಲುವೆಯಲ್ಲಿ ಹೋಗುತ್ತಿದ್ದೇವೆಂದು ಭಾವಿಸಬಹುದು, ಆದರೆ ಅವರ ದೋಣಿ ತೇಲುತ್ತಿರುವುದು ಇಡೀ ಪ್ರಾಂತ್ಯವನ್ನು ಒಣಗಿಸುವ ವ್ಯವಸ್ಥೆಯ ಮೇಲೆ.

ನಾನು ಹೇಳಿದ ದಾರಿಯಲ್ಲಿ ಲೆಮ್ಮರ್‌ಗೆ ಹೋದವರು ಊರಿನ ಹೊರಗಿರುವ ಉಗಿಯಂತ್ರ ಸ್ಥಾವರವನ್ನು ನೋಡದೆ ಬರಬಾರದು. 1920ರಲ್ಲಿ ಆರಂಭವಾದ ಇದು ಈಗಲೂ ಕೆಲಸ ಮಾಡುವ ಉಗಿ ಪಂಪು ಸ್ಥಾವರಗಳಲ್ಲಿ ಅತಿದೊಡ್ಡದು. 1998ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದರೂ ಪ್ರದರ್ಶನದ ವಸ್ತುವಾಗಿ ಕುಳಿತಿಲ್ಲ, ನೀರು ವಿಪರೀತ ಏರಿದಾಗ ಇದಕ್ಕೆ ಇಂದಿಗೂ ಉಗಿ ಏರಿಸುತ್ತಾರೆ. ಈ ನೀರನ್ನು ನೋಡಿಕೊಳ್ಳಲು ಅಲ್ಲಿ ಜನರೇ ಆರಿಸುವ, ತಮ್ಮದೇ ತೆರಿಗೆ ಎತ್ತುವ 21 ಜಲಮಂಡಳಿಗಳಿವೆ, ಅವುಗಳ ಬೇರು ಹದಿಮೂರನೇ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ಹಾಗೆಂದು ಅವರು ನೀರನ್ನು ಗೆದ್ದೇಬಿಟ್ಟರೆಂದು ಹೇಳಲಾಗದು. 1953ರ ಫೆಬ್ರುವರಿ 1ರ ನಸುಕಿನಲ್ಲಿ ನೈರುತ್ಯ ಭಾಗದ ಏರಿಗಳು ಒಡೆದಾಗ 1,836 ಜನ ಸತ್ತರು.

ಪ್ರಶ್ನೆ: ಯಾವ ತಿಂಗಳು ಹೋಗುವುದು ಒಳ್ಳೆಯದು?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಕಾಫಿ ಬೆಳೆಗಾರರಿಗೆ ಮೇ ಕೊನೆ ಮತ್ತು ಜೂನ್ ಅನುಕೂಲ. ಕೊಯ್ಲು ಮುಗಿದಿರುತ್ತದೆ, ಹೂಮಳೆಯ ಚಿಂತೆಯೂ ಕಳೆದಿರುತ್ತದೆ. ಅಲ್ಲಿ ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಕೈಲ್ ಮುಹೂರ್ತ ಮುಗಿಸಿ ಸೆಪ್ಟೆಂಬರ್‌ನಲ್ಲಿ ಹೊರಟರೂ ಆಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬಾಡಿಗೆ ಹೆಚ್ಚು, ನೀರಿನ ಮೇಲೆ ಜನವೂ ಹೆಚ್ಚು. ಮಳೆ ಯಾವ ತಿಂಗಳಲ್ಲಾದರೂ ಬರಬಹುದು, ಆದರೆ ಕೊಡಗಿನವರು ಅದನ್ನು ಮಳೆಯೆಂದು ಕರೆಯುವರೋ ಇಲ್ಲವೋ ಅನುಮಾನ. ಗಾಳಿಗೆ ಮಾತ್ರ ಬೆಚ್ಚನೆಯ ಜಾಕೆಟ್ ಬೇಕೇಬೇಕು.

ಪ್ರಶ್ನೆ: ದೋಣಿಯಲ್ಲೇ ಅಡುಗೆ ಮಾಡಿಕೊಳ್ಳುವುದಾದರೆ ಮನೆಯಿಂದ ಏನೇನು ಒಯ್ಯಬಹುದು? ಪಂದಿ ಉಪ್ಪಿನಕಾಯಿ ಇಲ್ಲದೆ ನಮ್ಮವರಿಗೆ ಊಟ ಸೇರುವುದಿಲ್ಲ.
– ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಪಂದಿ ಉಪ್ಪಿನಕಾಯಿಯನ್ನು ಮನೆಯಲ್ಲೇ ಬಿಟ್ಟುಹೋಗಬೇಕು. ಭಾರತದಿಂದ ಹೋಗುವ ಪ್ರಯಾಣಿಕರು ಮಾಂಸದ ಪದಾರ್ಥವನ್ನಾಗಲೀ ಹಾಲಿನ ಪದಾರ್ಥವನ್ನಾಗಲೀ ಯುರೋಪಿಯನ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ತುಪ್ಪವೂ ಇದರಲ್ಲಿ ಸೇರುತ್ತದೆ. ಸಸ್ಯ ಆರೋಗ್ಯದ ಪ್ರಮಾಣಪತ್ರವಿಲ್ಲದೆ ಕೊಡಗಿನ ಕಿತ್ತಳೆಗೂ ಹಸಿ ಕರಿಬೇವಿಗೂ ಪ್ರವೇಶವಿಲ್ಲ, ಬಾಳೆಹಣ್ಣಿಗೆ ಅಡ್ಡಿಯಿಲ್ಲ. ಜೇನನ್ನು ಒಬ್ಬರು 2 ಕಿಲೋದವರೆಗೆ ಒಯ್ಯಬಹುದು. ಕಾಫಿಪುಡಿ, ಕರಿಮೆಣಸು, ಹುರಿದ ಮಸಾಲೆಪುಡಿ, ಕಡಂಬುಟ್ಟಿಗೆ ಅಕ್ಕಿತರಿ, ಕಾಚಂಪುಳಿಯ ಸಣ್ಣ ಬಾಟಲಿ ಇವಿಷ್ಟಿದ್ದರೆ ಹಂದಿಮಾಂಸವನ್ನು ಅಲ್ಲಿನ ಅಂಗಡಿಯಲ್ಲೇ ಕೊಂಡು ಪಂದಿಕರಿ ಮಾಡಬಹುದು. ದೋಣಿಯ ಅಡುಗೆಮನೆ ತೀರಾ ಚಿಕ್ಕದು, ಒಗ್ಗರಣೆಯ ಹೊಗೆ ಮಲಗುವ ಕೋಣೆಗೂ ಹೋಗುತ್ತದೆ. ದೋಣಿಯನ್ನು ದಡಕ್ಕೆ ಕಟ್ಟಿದ ಮೇಲೆ ಕಿಟಕಿ ತೆರೆದಿಟ್ಟುಕೊಂಡೇ ಒಲೆ ಹಚ್ಚಿ.

ಪ್ರಶ್ನೆ: ತಾಯಿಗೆ ಎಪ್ಪತ್ತೆರಡು ವರ್ಷ, ಮಂಡಿನೋವಿದೆ. ಚಿಕ್ಕ ಮಕ್ಕಳೂ ಇದ್ದಾರೆ. ಯಾರಿಗೂ ಈಜು ಬಾರದು. ಹೋಗಬಹುದೇ?
– ಓದುಗರೊಬ್ಬರು, ಪೊನ್ನಂಪೇಟೆ

ಉತ್ತರ: ಹೋಗಬಹುದು, ದೋಣಿಯ ಆಯ್ಕೆಯಲ್ಲಿ ಎಚ್ಚರ ಬೇಕು. ಹಲವು ದೋಣಿಗಳಲ್ಲಿ ಹಿಂಬದಿಯ ಎತ್ತರದ ಕಟ್ಟೆಗೆ ಕಡಿದಾದ ಮೆಟ್ಟಿಲು ಹತ್ತಿ, ಅಲ್ಲಿಂದ ಮತ್ತೆ ಇಳಿದು ಒಳಗೆ ಹೋಗಬೇಕಾಗುತ್ತದೆ. ಮಂಡಿನೋವಿನವರಿಗೆ ಅದು ದಿನಕ್ಕೆ ಹತ್ತು ಸಲದ ಶಿಕ್ಷೆ. ಬಾಡಿಗೆಗೆ ಮೊದಲೇ ಒಳವಿನ್ಯಾಸದ ಚಿತ್ರ ತರಿಸಿಕೊಂಡು, ಒಳಗೂ ಹೊರಗೂ ಮೆಟ್ಟಿಲು ಕಡಿಮೆಯಿರುವುದನ್ನು ಆರಿಸಿ. ಫ್ರೀಸ್‌ಲ್ಯಾಂಡಿನ ಸರೋವರಗಳು ಹೆಚ್ಚಿನ ಕಡೆ ಎರಡು ಮೀಟರ್‌ಗಿಂತ ಆಳವಿಲ್ಲ, ಆದರೂ ಈಜು ಬಾರದವರಿಗೆ ಅಷ್ಟೇ ಸಾಕು, ನೀರೂ ತಣ್ಣಗಿರುತ್ತದೆ. ಜೀವರಕ್ಷಕ ಜಾಕೆಟ್‌ಗಳನ್ನು ಪ್ರತಿಯೊಬ್ಬರ ತೂಕ ತಿಳಿಸಿ ಮುಂಚಿತವಾಗಿ ಕೇಳಿ. ಮಕ್ಕಳು ಹೊರಗಿರುವಷ್ಟು ಹೊತ್ತೂ ಅದನ್ನು ಕಳಚಬಾರದು. ನಿಜವಾದ ಅಪಾಯ ನೀರಿಗಿಂತ ದಡದಲ್ಲಿದೆ. ದೋಣಿ ಗೋಡೆಗೆ ಬಡಿಯುವುದನ್ನು ತಡೆಯಲು ಕೈಯೋ ಕಾಲೋ ಅಡ್ಡ ಕೊಡುವವರು ಮೂಳೆ ಮುರಿದುಕೊಳ್ಳುತ್ತಾರೆ. ಬದಿಯಲ್ಲಿ ತೂಗುಬಿಟ್ಟ ಗಾಳಿಚೀಲಗಳಿರುವುದೇ ಆ ಪೆಟ್ಟು ತಿನ್ನಲು, ದೋಣಿಯ ಬಣ್ಣ ಹೋದರೆ ಹೋಗಲಿ.

ಬಲಬದಿಯಲ್ಲೇ ಸಾಗಬೇಕು. ಲೆಮ್ಮರ್‌ನಿಂದ ಗ್ರೋನಿಂಗನ್ ಕಡೆಗೆ ಹೋಗುವ ಪ್ರಿನ್ಸೆಸ್ ಮಾರ್ಗ್ರೀಟ್ ಕಾಲುವೆಯಲ್ಲಿ ಸರಕು ಹಡಗುಗಳು ಬರುತ್ತವೆ, ಅವುಗಳಿಗೆ ಸಣ್ಣ ದೋಣಿಗಳೇ ದಾರಿ ಬಿಡಬೇಕು. ಹಡಗು ನಡೆಸುವವರ ಕೋಣೆ ಹಿಂತುದಿಯಲ್ಲಿರುವುದರಿಂದ ಅವರಿಗೆ ಹಡಗಿನ ಮುಂದಿನ ನೂರಾರು ಮೀಟರ್ ನೀರು ಕಾಣುವುದಿಲ್ಲ. ಅವರ ಕಿಟಕಿ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುತ್ತಿಲ್ಲವೆಂದು ತಿಳಿದು ಪಕ್ಕಕ್ಕೆ ಸರಿಯಿರಿ. ತುರ್ತಿಗೆ ಕರೆ ಮಾಡುವ ಸಂಖ್ಯೆ 112.

ಪ್ರಶ್ನೆ: ವೀಸಾಕ್ಕೆ ದೋಣಿಯ ಬಾಡಿಗೆ ಪತ್ರ ಸಾಕೇ?
– ಓದುಗರೊಬ್ಬರು, ಶನಿವಾರಸಂತೆ

ಉತ್ತರ: ಉಳಿಯುವ ಜಾಗದ ದಾಖಲೆಯಾಗಿ ಅದನ್ನು ಲಗತ್ತಿಸಿ, ದೋಣಿ ಹತ್ತುವ ಮುಂಚಿನ ಮತ್ತು ಇಳಿದ ನಂತರದ ರಾತ್ರಿಗಳಿಗೂ ದಾಖಲೆ ಕೊಡಿ. ಬೇಕಿರುವುದು ಅಲ್ಪಾವಧಿಯ ಷೆಂಗೆನ್ ವೀಸಾ. 180 ದಿನಗಳಲ್ಲಿ 90 ದಿನ ಇರಬಹುದು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ಆರೋಗ್ಯ ವಿಮೆ ಕಡ್ಡಾಯ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಕೊಡಬಹುದಾದ್ದರಿಂದ ಕೊನೆಯ ಗಳಿಗೆಗೆ ಉಳಿಸಿಕೊಳ್ಳಬೇಡಿ.

ಪ್ರಶ್ನೆ: ರಾತ್ರಿ ದೋಣಿಯನ್ನು ಎಲ್ಲಿ ನಿಲ್ಲಿಸುವುದು? ಶೌಚಾಲಯದ ವ್ಯವಸ್ಥೆ ಹೇಗೆ?
– ಓದುಗರೊಬ್ಬರು, ಸಿದ್ದಾಪುರ

ಉತ್ತರ: ಕತ್ತಲಲ್ಲಿ ಬಾಡಿಗೆ ದೋಣಿ ನಡೆಸಲು ಸಾಮಾನ್ಯವಾಗಿ ಅನುಮತಿಯಿಲ್ಲ. ಊರುಗಳ ಬಂದರುಗಳಲ್ಲಿ ದೋಣಿಯ ಉದ್ದಕ್ಕೆ ತಕ್ಕ ಶುಲ್ಕ ಕೊಟ್ಟು ನಿಲ್ಲಬಹುದು. ಅಲ್ಲಿ ವಿದ್ಯುತ್ತು, ಕುಡಿಯುವ ನೀರು, ಸ್ನಾನದ ಮನೆ ಸಿಗುತ್ತವೆ. ಫ್ರೀಸ್‌ಲ್ಯಾಂಡಿನಲ್ಲಿ ಇದಲ್ಲದೆ ಮಾರೆಕ್ರೀಟೆ ಎಂಬ ಸಂಸ್ಥೆ ಹುಲ್ಲುಗಾವಲು, ಸರೋವರದ ಅಂಚುಗಳಲ್ಲಿ ನಿರ್ಮಿಸಿದ ಕಟ್ಟೆಗಳಲ್ಲಿ ಶುಲ್ಕವಿಲ್ಲದೆ ಮೂರು ದಿನದವರೆಗೆ ನಿಲ್ಲಬಹುದು. ಅಲ್ಲಿ ನಲ್ಲಿ, ದೀಪ ಯಾವುದನ್ನೂ ನಿರೀಕ್ಷಿಸಬಾರದು. ಒಂದು ರಾತ್ರಿ ಊರಿನಲ್ಲಿ, ಒಂದು ರಾತ್ರಿ ಹುಲ್ಲುಗಾವಲಿನಲ್ಲಿ ಕಳೆದರೆ ತೊಟ್ಟಿಯ ನೀರೂ ಬ್ಯಾಟರಿಯೂ ಸಾಕಾಗುತ್ತವೆ. ಶೌಚದ ನೀರನ್ನು ಕಾಲುವೆಗೆ ಬಿಡುವುದು ವಿಹಾರ ದೋಣಿಗಳಿಗೆ 2009ರಿಂದ ನಿಷಿದ್ಧ. ಅದು ದೋಣಿಯ ಅಡಿಯ ತೊಟ್ಟಿಯಲ್ಲಿ ಸೇರುತ್ತದೆ, ಬಂದರಿನಲ್ಲಿರುವ ಪಂಪಿಗೆ ಕೊಳವೆ ಜೋಡಿಸಿ ಖಾಲಿ ಮಾಡಿಸಬೇಕು. ತೊಟ್ಟಿ ಎಷ್ಟು ದಿನಕ್ಕೆ ತುಂಬುತ್ತದೆಂಬುದನ್ನು ದೋಣಿ ಪಡೆಯುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.